ಅಕ್ಕನ ಮನೆ ಮುಂದಿನ ಏರು

ಶೋರೂಮಿನಲ್ಲಿ ಅವನಿಗೆ ಸೀಟಣ್ಣ ಎಂದೇ ಹೆಸರು. ಬೆಳಗ್ಗೆಯಿಂದ ಸಂಜೆಯವರೆಗೆ ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತಿರುವುದೇ ಅವನ ಉದ್ಯೋಗ. ಸುಮ್ಮನೆ ಕೂರುವುದಕ್ಕೂ ಸಂಬಳವೇ ಎಂದು ನಗಬೇಡಿ. ಒಂದು ದಿನ ಕೂತು ನೋಡಿ, ಆಮೇಲೆ ಮಾತಾಡೋಣ. ಗಾಡಿ ಕೊಳ್ಳುತ್ತೇವೆಂದು ಬರುವ ಪುಣ್ಯಾತ್ಮರು ಒಬ್ಬರಿದ್ದಂತೆ ಒಬ್ಬರಿರುವುದಿಲ್ಲ. ಒಬ್ಬನಿಗೆ ಗಾಡಿ ಎಷ್ಟು ಜೋರಾಗಿ ಓಡುತ್ತದೆ ಎಂದು ಅಲ್ಲೇ, ಆಗಲೇ ನೋಡಬೇಕು. ಇನ್ನೊಬ್ಬ ಸ್ಟೇರಿಂಗ್ ಮುಟ್ಟಿ ಯಾವ ಕಾಲವಾಯಿತೋ, ಹೆಂಡತಿ ಹಿಂದೆ ಕೂತಿದ್ದಾಳೆಂದು ಜಂಬ ಬಿಡಲಾರ. ಮತ್ತೊಬ್ಬನಿಗೆ ಗಾಡಿ ಬೇಕಾಗಿಯೇ ಇಲ್ಲ, ಮನೆಯಲ್ಲಿ ಬೇಸರ, ಅದಕ್ಕೇ ಬಂದಿದ್ದಾನೆ. ಇವರೆಲ್ಲರ ಪಕ್ಕದಲ್ಲಿ ಸೀಟಣ್ಣ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಮುಖದ ಮೇಲೆ ನಗು ತಂದುಕೊಂಡು, ಜೀವ ಕೈಯಲ್ಲಿ ಹಿಡಿದುಕೊಂಡು ಕೂತಿರುತ್ತಾನೆ.

ಕೈ ಸುಮ್ಮನಿರುತ್ತದೆ, ಬಾಯಿ ಬಾಯಿಪಾಠ ಒಪ್ಪಿಸುತ್ತದೆ, ಆದರೆ ಬಲಗಾಲು ಮಾತ್ರ ಯಾರ ಮಾತೂ ಕೇಳುವುದಿಲ್ಲ. ಮುಂದೆ ಬಸ್ಸು ಕಂಡರೆ, ಅಡ್ಡ ನಾಯಿ ಬಂದರೆ, ತಿರುವು ಹತ್ತಿರವಾದರೆ ಆ ಕಾಲು ತಾನಾಗಿ ನೆಲವನ್ನು ಒತ್ತುತ್ತದೆ. ಅಲ್ಲಿ ಬ್ರೇಕ್ ಎಲ್ಲಿದೆ? ಬರೀ ಮ್ಯಾಟು. ಆ ಮ್ಯಾಟು ಹಿಮ್ಮಡಿಯ ಜಾಗದಲ್ಲಿ ಸವೆದು ತೂತಾಗಿತ್ತು. ಈ ಕಸುಬಿನವರಿಗೆಲ್ಲ ಇದೊಂದು ರೋಗ. ದಿನದ ಕೊನೆಗೆ ಮಂಡಿಯಿಂದ ಸೊಂಟದವರೆಗೆ ಒಂದೇ ನೋವು, ಗಾಡಿ ಓಡಿಸಿದವನಿಗಿಂತ ಓಡಿಸದವನಿಗೇ ಹೆಚ್ಚು ಸುಸ್ತು. ಮನೆಯಲ್ಲಿ ಕುರ್ಚಿಯ ಮೇಲೆ ಕೂತಾಗಲೂ ಹೆಂಡತಿಯ ದನಿ ಸ್ವಲ್ಪ ಏರಿದರೆ ಅವನ ಕಾಲು ನೆಲ ಒತ್ತುತ್ತಿತ್ತು. "ಬ್ರೇಕ್ ಹಾಕಬೇಡಿ, ನನ್ನ ಮಾತಿನ್ನೂ ಮುಗಿದಿಲ್ಲ" ಎನ್ನುತ್ತಿದ್ದಳು ಅವಳು.

ಹೀಗಿರುವಾಗ ಹೊಸ ಪಿಕಪ್ ಬಂತು. ಬಿಳಿ ಬಟ್ಟೆ ಹೊದಿಸಿ ಶೋರೂಮಿನ ನಡುವೆ ನಿಲ್ಲಿಸಿದ್ದರು, ಮದುವಣಗಿತ್ತಿಯ ಹಾಗೆ. ಬಟ್ಟೆ ತೆಗೆದಾಗ ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ನೋಡಲು ಚೆನ್ನಾಗಿಯೇ ಇತ್ತು, ಸುಳ್ಳು ಹೇಳಬಾರದು. ಮುಂದುಗಡೆ ಅಗಲವಾದ ಕಪ್ಪು ಜಾಲರಿ, ಅದರ ಎರಡು ಬದಿಗೆ ಗೆರೆ ಎಳೆದಂಥ ತೆಳ್ಳನೆಯ ದೀಪಗಳು. ಬಾನೆಟ್ಟು ಎದೆಯ ಮಟ್ಟಕ್ಕೆ ಬರುತ್ತಿತ್ತು. ಒಳಗೆ ಐದು ಜನ ಕೂರುವ ಕ್ಯಾಬಿನ್, ಹಿಂದೆ ಸರಕು ತುಂಬುವ ತೊಟ್ಟಿ, ತೊಟ್ಟಿಯ ಒಳಗೋಡೆಗೆ ಹಗ್ಗ ಕಟ್ಟಲು ಜಾರುವ ಕೊಂಡಿಗಳು. ತೊಟ್ಟಿಯ ಬಾಗಿಲನ್ನು ಬಿಟ್ಟರೆ ದಢಾರನೆ ಬೀಳುವುದಿಲ್ಲ, ಮಲಗಿದ ಮಗುವನ್ನು ಹಾಸಿಗೆಗೆ ಇಳಿಸುವ ಹಾಗೆ ಮೆಲ್ಲಗೆ ಇಳಿಯುತ್ತದೆ. ಗೇರಿನ ಪಕ್ಕ ಒಂದು ಗುಂಡು ತಿರುಗುಣಿ, ಅದನ್ನು ಕೆಸರಿಗೆ ಬೇರೆ, ಮರಳಿಗೆ ಬೇರೆ, ಕಲ್ಲುದಾರಿಗೆ ಬೇರೆ ತಿರುಗಿಸಬೇಕು. ರಸ್ತೆಯ ಗೆರೆ ದಾಟಿದರೆ ಗಾಡಿಯೇ ಕುಂಯ್ ಎಂದು ಬೈಯುತ್ತದೆ. ಬೆನ್ನಿಗೆ ತಣ್ಣನೆ ಗಾಳಿ ಬೀಸುವ ಸೀಟು ಬೇರೆ. ಸರಕು ಹೊತ್ತು ಹೊತ್ತು ಸೊಂಟ ಮುರಿದುಕೊಂಡವನಿಗೆ ಈಗ ಗಾಳಿ ಬೀಸಿದರೆ ಏನು ಬಂತು ಎಂದು ಸೀಟಣ್ಣ ಮನಸ್ಸಿನಲ್ಲೇ ಅಂದುಕೊಂಡ. ಬಾಯಲ್ಲಿ ಮಾತ್ರ ಬಂದವರಿಗೆಲ್ಲ, ತುಂಬ ಆರಾಮ ಸರ್, ದೂರದ ಪ್ರಯಾಣ ಗೊತ್ತೇ ಆಗುವುದಿಲ್ಲ ಎಂದ.

ಇಷ್ಟೆಲ್ಲ ಇದ್ದರೂ ಮ್ಯಾನೇಜರಿಗೆ ಹುಚ್ಚು ಹಿಡಿಸಿದ್ದು ಇನ್ನೊಂದು. ಏರಿನಲ್ಲಿ ಗಾಡಿ ನಿಲ್ಲಿಸಿ ಬ್ರೇಕಿನಿಂದ ಕಾಲು ತೆಗೆದರೆ ಯಾವ ಗಾಡಿಯೂ ಹಿಂದಕ್ಕೆ ಜಾರುತ್ತದಲ್ಲ, ಇದು ಜಾರುವುದಿಲ್ಲ. ಎರಡು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ತನ್ನನ್ನು ತಾನೇ ಹಿಡಿದುಕೊಂಡಿರುತ್ತದೆ. ಅಷ್ಟರಲ್ಲಿ ಕಾಲನ್ನು ಆಕ್ಸಿಲರೇಟರಿಗೆ ಇಟ್ಟು ಮುಂದೆ ಹೋಗಬೇಕು. ಇದನ್ನು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಕಡಿದಾದ ಏರಿನಲ್ಲೇ ತೋರಿಸಬೇಕು ಎಂದು ಮ್ಯಾನೇಜರ್ ಊರೆಲ್ಲ ಅಲೆದು ಒಂದು ಏರು ಹುಡುಕಿಕೊಂಡು ಬಂದ. ನೀರಿನ ಟ್ಯಾಂಕಿನ ಹಿಂದೆ, ಮೆಟ್ಟಿಲುಮನೆಗಳ ಬೀದಿ. ಏರಿನ ಅರ್ಧಕ್ಕೆ ಹಳದಿ ಗೇಟಿನ ಮನೆಯೊಂದಿದೆ, ಅಲ್ಲಿ ನಿಲ್ಲಿಸು, ಅಲ್ಲೇ ಎಲ್ಲಕ್ಕಿಂತ ಕಡಿದು ಎಂದ.

ಆ ಹಳದಿ ಗೇಟು ಸೀಟಣ್ಣನ ಅಕ್ಕನ ಮನೆಯದು.

ಬೇರೆ ಏರು ಇಲ್ಲವೇ ಸರ್ ಎಂದು ಕೇಳಿದ. ಆಸ್ಪತ್ರೆಯ ಹತ್ತಿರ ಒಂದಿದೆ, ಅಲ್ಲಿ ಆಂಬುಲೆನ್ಸ್ ಓಡಾಡುತ್ತದೆ, ನಿಲ್ಲಿಸಲು ಬಿಡುವುದಿಲ್ಲ ಎಂದ ಮ್ಯಾನೇಜರ್. ಯಾಕೆ, ಏನಾದರೂ ತೊಂದರೆಯೇ ಎಂದೂ ಕೇಳಿದ, ಪಾಪ, ಕೆಟ್ಟವನಲ್ಲ. ಸೀಟಣ್ಣ, ಏನಿಲ್ಲ ಸರ್, ಬೀದಿ ಕಿರಿದು ಅಂತ ಕೇಳಿದೆ, ಅಷ್ಟೇ ಎಂದ. ಕಾರಣ ಹೇಳಲು ಹೊರಟರೆ ಬುಡದಿಂದ ಹೇಳಬೇಕಾಗಿತ್ತು. ಅಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ.

ಅವನು ಹೇಳದಿದ್ದರೇನು, ನಾವು ಹೇಳೋಣ. ಒಂಬತ್ತು ವರ್ಷದ ಹಿಂದೆ ಅವನದೇ ಒಂದು ಪುಟ್ಟ ಹಳೇ ಪಿಕಪ್ ಇತ್ತು. ಅಕ್ಕನ ಗಂಡ ಬಡಗಿ. ಭಾವ ಬೀರು, ಮಂಚ, ಮೇಜು ಮಾಡುತ್ತಿದ್ದ, ಇವನು ಅವನ್ನು ಮನೆಮನೆಗೆ ಮುಟ್ಟಿಸುತ್ತಿದ್ದ. ತಾಯಿ ಬೇಗ ತೀರಿಕೊಂಡದ್ದರಿಂದ ಇವನನ್ನು ಸಾಕಿದ್ದೇ ಅಕ್ಕ. ಗಾಡಿ ಕಲಿಸಿದ್ದು ಭಾವ. ಮೂವರದೂ ಒಂದೇ ಜೀವ ಎನ್ನುವಂತಿತ್ತು, ಊಟ ಹೆಚ್ಚುಕಡಿಮೆ ಅಲ್ಲೇ. ಕೈಬ್ರೇಕಿನ ತಂತಿ ಸವೆದಿದೆ, ಬದಲಾಯಿಸು ಎಂದು ಮೆಕ್ಯಾನಿಕ್ ಹೇಳಿದ್ದ. ಇವನು ಮುಂದಿನ ವಾರ ಎಂದ. ಮುಂದಿನ ವಾರ ಎನ್ನುವುದು ಎಂದಾದರೂ ಬಂದದ್ದುಂಟೇ? ಒಂದು ದಿನ ಹಳದಿ ಗೇಟಿನ ಮುಂದೆ ಏರಿನಲ್ಲಿ ಗಾಡಿ ನಿಲ್ಲಿಸಿ, ಕೈಬ್ರೇಕ್ ಎಳೆದು, ಭಾವ ಮಾಡಿದ ಬೀರನ್ನು ಇಬ್ಬರೂ ಸೇರಿ ತುಂಬುತ್ತಿದ್ದರು. ಹಗ್ಗ ತರಲೆಂದು ಇವನು ಮುಂದೆ ಹೋದ. ಭಾವ ಹಿಂದೆ ಬೀರಿಗೆ ಭುಜ ಕೊಟ್ಟು ನಿಂತಿದ್ದ. ಕೈಬ್ರೇಕಿನ ತಂತಿ ಕಿತ್ತುಹೋಯಿತು. ಗಾಡಿ ಜಾರಿ ಭಾವನ ಎಡಗಾಲನ್ನು ಬೀದಿಗೆ ಚಾಚಿಕೊಂಡಿದ್ದ ಗೇಟಿನ ಕಂಬಕ್ಕೆ ಒತ್ತಿ ಹಿಡಿಯಿತು. ಆಸ್ಪತ್ರೆಯವರು ಆ ಕಾಲನ್ನು ಮಂಡಿಯ ಕೆಳಗೆ ತೆಗೆದರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಅಕ್ಕ ಇವನ ಮುಖಕ್ಕೆ ಹೊಡೆದಂತೆ ಒಂದೇ ಮಾತು ಹೇಳಿದ್ದಳು: "ಇನ್ನು ನನ್ನ ಮನೆ ಮುಂದೆ ಗಾಡಿ ನಿಲ್ಲಿಸಬೇಡ." ಇವನು ನಿಲ್ಲಿಸಲಿಲ್ಲ. ಗಾಡಿಯನ್ನು ಗುಜರಿಗೆ ಹಾಕಿದ. ಆ ಬೀದಿಯನ್ನೇ ಬಿಟ್ಟ. ಹೆಂಡತಿ ಮೊದಮೊದಲು ಹೋಗಿ ಬರುತ್ತಿದ್ದಳು, ಬಂದ ದಿನ ಅಲ್ಲಿಯ ಮಾತೆತ್ತಿದರೆ ಇವನು ಎದ್ದು ಹೋಗುತ್ತಿದ್ದ, ಇವನ ಮುಖ ನೋಡಲಾಗದೆ ಆಮೇಲಾಮೇಲೆ ಅವಳೂ ಬಿಟ್ಟಳು. ಒಂದೇ ಊರಿನಲ್ಲಿ ಇದ್ದುಕೊಂಡು ಒಂಬತ್ತು ವರ್ಷ ಒಬ್ಬರ ಕಣ್ಣಿಗೆ ಒಬ್ಬರು ಬೀಳದಂತೆ ಬದುಕುವುದು ಎಂಥ ದುಡಿಮೆ ಎಂದು ಮಾಡಿದವರಿಗೇ ಗೊತ್ತು. ಯಾವ ಅಂಗಡಿಗೆ ಹೋಗಬಾರದು, ಯಾವ ಬಸ್ಸು ಹತ್ತಬಾರದು, ಎಲ್ಲ ಲೆಕ್ಕಾಚಾರವೇ. ಅದೇ ಅವನನ್ನು ಹಣ್ಣು ಮಾಡಿತ್ತು, ವಯಸ್ಸಲ್ಲ.

ಈಗ ನೋಡಿ, ದಿನಕ್ಕೆ ಮೂರು ಸಲ, ನಾಲ್ಕು ಸಲ, ಅದೇ ಹಳದಿ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಕು. ಅದೂ ಪಿಕಪ್ಪನ್ನೇ. ಅದೂ, ನೋಡಿ ಸರ್, ಬ್ರೇಕಿಂದ ಕಾಲು ತೆಗೆದರೂ ಹಿಂದಕ್ಕೆ ಹೋಗಲ್ಲ, ಎಂದು ನಗುತ್ತ ಹೇಳಬೇಕು. ಹೊಟ್ಟೆಪಾಡು ಎನ್ನುವುದಕ್ಕೆ ನಾಚಿಕೆಯಾದರೂ ಬೇಡವೇ!

ಇದರ ಮೇಲೆ ಅವನೇ ಮಾಡಿಕೊಂಡ ಒಂದು ಎಡವಟ್ಟು. ಗಾಡಿ ನಿಂತಲ್ಲೇ ನಿಂತಿದೆ ಎನ್ನುವುದು ಕೂತವರಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಜಾರಿತಾ, ಇಲ್ಲವಾ ಎಂದು ಗಿರಾಕಿಗಳು ಹಿಂದೆ ತಿರುಗಿ ನೋಡುತ್ತಿದ್ದರು. ಅದಕ್ಕೆ ಅವನು ಒಂದು ಉಪಾಯ ಮಾಡಿದ. ಗುಂಡಿಯೊಂದನ್ನು ಒತ್ತಿದರೆ ಹಿಂದಿನ ಕ್ಯಾಮೆರಾದ ಚಿತ್ರ ಮುಂದಿನ ಪರದೆಯ ಮೇಲೆ ಬರುತ್ತದೆ, ಅದರ ಮೇಲೆ ಹಸಿರು, ಹಳದಿ, ಕೆಂಪು ಗೆರೆಗಳು. ಆ ಕೆಂಪು ಗೆರೆ ಗೇಟಿನ ಕಂಬಕ್ಕೆ ಸರಿಯಾಗಿ ತಾಗುವಂತೆ ಗಾಡಿ ನಿಲ್ಲಿಸಲು ಹೇಳುತ್ತಿದ್ದ. ಈಗ ಕಾಲು ತೆಗೆಯಿರಿ, ಕಂಬ ನೋಡಿ, ಕಂಬ ಅಲ್ಲಾಡಿತಾ ಎನ್ನುತ್ತಿದ್ದ. ಗಿರಾಕಿಗಳಿಗೆ ಖುಷಿಯೋ ಖುಷಿ. ಮ್ಯಾನೇಜರ್ ಬೆನ್ನು ತಟ್ಟಿದ. ಯಾವ ಕಂಬವನ್ನು ಕನಸಿನಲ್ಲಿ ಕಂಡರೂ ಎದ್ದು ಕೂರುತ್ತಿದ್ದನೋ ಆ ಕಂಬವನ್ನೇ ಕಣ್ಣಿಗೆ ಕಟ್ಟಿದಂತೆ ಪರದೆಯ ಮೇಲೆ ತಂದುಕೊಂಡಿದ್ದ. ಕಸುಬು ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸುತ್ತದೆ ಎಂದು ಏನು ಹೇಳುವುದು.

ಮೊದಲ ದಿನ ಅವನು ಅಕ್ಕನ ಮನೆಯ ಕಿಟಕಿಯ ಕಡೆ ಕತ್ತು ತಿರುಗಿಸಲೇ ಇಲ್ಲ. ಎರಡನೆಯ ದಿನ ಆ ಕಿಟಕಿಯ ಪರದೆ ಬಟ್ಟೆ ಅಲ್ಲಾಡಿದ್ದು ಕಣ್ಣಂಚಿಗೆ ಕಂಡಿತು. ಆಮೇಲೆ ಆ ಬಟ್ಟೆ ದಿನಾ ಸರಿಯತೊಡಗಿತು. ಕಿಟಕಿಯ ಒಳಗೆ ಕುರ್ಚಿಯಲ್ಲಿ ಯಾರೋ ಕೂತಿರುತ್ತಿದ್ದರು. ಭಾವನೇ, ಇನ್ಯಾರು. ಕುರ್ಚಿಯ ಹಿಂದೆ ಒಂದೊಂದು ಸಲ ಇನ್ನೊಂದು ಆಕೃತಿ ನಿಂತಿರುತ್ತಿತ್ತು. ಅಕ್ಕ ಈಗ ಹೊರಗೆ ಬಂದು ಬೈಯುತ್ತಾಳೆ, ಈಗ ಬೈಯುತ್ತಾಳೆ ಎಂದು ಅವನು ಪ್ರತಿ ಸಲವೂ ಮೈಯೆಲ್ಲ ಬಿಗಿ ಹಿಡಿದು ಕಾದ. ಬೈದಿದ್ದರೂ ಸರಿಯಿತ್ತು. ಅವಳು ಬರಲೇ ಇಲ್ಲ. ಎರಡು ಉಸಿರು, ಗಾಡಿ ಮುಂದೆ, ಮುಗಿಯಿತು. ಏರು ಹತ್ತಿ ಆಚೆ ಇಳಿಯುವಾಗ ಗಿರಾಕಿ ಮೈಲೇಜು ಕೇಳುತ್ತಿದ್ದ, ಇವನು ಬೆವರಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ಹೇಳುತ್ತಿದ್ದ.

ಹೆಂಡತಿಗೆ ಹೇಳಿದಾಗ ಅವಳು, ಹಾಗಾದರೆ ಇಳಿದು ಹೋಗಿ ಮಾತಾಡಿ, ಬಾಗಿಲು ಅಲ್ಲೇ ಇದೆಯಲ್ಲ ಎಂದಳು. ಹೋಗುವುದು ಹೇಗೆ, ಅಕ್ಕನೇ ಬೇಡ ಎಂದಿದ್ದಾಳಲ್ಲ ಎಂದ ಅವನು. ಅವಳು ಅವನ ಮಂಡಿಗೆ ಬಿಸಿನೀರಿನ ಚೀಲ ತಂದಿಟ್ಟಳು.

ಹೀಗೆ ಒಂದಷ್ಟು ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ಗಿಡಗಳ ನರ್ಸರಿಯವಳು ಬಂದಳು. ಉಗುರಿನ ಸಂದಿಯಲ್ಲಿ ಮಣ್ಣು, ಮಾತಿನಲ್ಲಿ ನಯವಿಲ್ಲ, ತಲೆ ಚುರುಕು. ಗಾಳಿ ಬೀಸುವ ಸೀಟು, ತೆಳ್ಳನೆಯ ದೀಪ ಯಾವುದನ್ನೂ ಅವಳು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ತೊಟ್ಟಿಯ ಉದ್ದ ಎಷ್ಟು, ಎತ್ತರದ ಗಿಡ ನಿಲ್ಲಿಸಿದರೆ ಗಾಳಿಗೆ ಮುರಿಯುವುದಿಲ್ಲವೇ, ಕುಂಡ ಜಾರದಂತೆ ಕೊಂಡಿ ಎಲ್ಲಿದೆ, ನೀರು ಸುರಿದರೆ ಎಲ್ಲಿಂದ ಹೊರಹೋಗುತ್ತದೆ, ಇಷ್ಟೇ ಅವಳ ಪ್ರಶ್ನೆ. ಗಾಡಿಯನ್ನೂ ಚೆನ್ನಾಗಿಯೇ ಓಡಿಸಿದಳು. ಸೀಟಣ್ಣನ ಕಾಲಿಗೆ ಅಂದು ಸ್ವಲ್ಪ ಬಿಡುವು ಸಿಕ್ಕಿತ್ತು. ಇಂಥವರು ನಾಲ್ಕು ಜನ ಬಂದರೆ ಇನ್ನೊಂದೆರಡು ವರ್ಷ ಈ ಕೆಲಸ ಎಳೆಯಬಹುದು ಎಂದೂ ಅಂದುಕೊಂಡ.

ಹಳದಿ ಗೇಟು ಬಂತು. ಅವನು ಗುಂಡಿ ಒತ್ತಿ ಹಿಂದಿನ ಚಿತ್ರ ತರಿಸಿದ. ಕೆಂಪು ಗೆರೆ ಕಂಬಕ್ಕೆ ತಾಗಿತು. ಕಾಲು ತೆಗೆದು ತಕ್ಷಣ ಆಕ್ಸಿಲರೇಟರ್ ಕೊಡಬೇಕು, ಹೆಚ್ಚು ಹೊತ್ತು ಹಿಡಿದುಕೊಂಡಿರುವುದಿಲ್ಲ ಎಂದು ಎಚ್ಚರಿಕೆ ಹೇಳಿದ, ಎಲ್ಲರಿಗೂ ಹೇಳುವಂತೆ. ಆಮೇಲೆ, ಈಗ ಕಾಲು ತೆಗೆಯಿರಿ, ಕಂಬ ನೋಡಿ ಎಂದ.

ಅವಳು ಕಾಲು ತೆಗೆದಳು. ಇಬ್ಬರೂ ಪರದೆ ನೋಡುತ್ತಿದ್ದರು. ಅದೇ ಕ್ಷಣಕ್ಕೆ ಪರದೆಯೊಳಗೆ ಗೇಟು ತೆರೆದುಕೊಂಡಿತು. ಒಬ್ಬ ಹೆಂಗಸು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಕಂಬಕ್ಕೂ ಗಾಡಿಗೂ ನಡುವೆ, ಕೆಂಪು ಗೆರೆಯ ಮೇಲೆ ನಿಂತಳು. ತಲೆಯೆಲ್ಲ ಬೆಳ್ಳಗಾಗಿತ್ತು. ಒಂಬತ್ತು ವರ್ಷದ ಮೇಲೆ ಸೀಟಣ್ಣ ಅಕ್ಕನ ಮುಖ ನೋಡಿದ್ದು ಹೀಗೆ, ಅಂಗೈಯಗಲದ ಗಾಜಿನ ಮೇಲೆ.

"ಯಾರೋ ಬಂದ್ರು" ಎಂದಳು ನರ್ಸರಿಯವಳು. ಎಂದವಳು ಹಾಗೇ ಕೂತುಬಿಟ್ಟಳು, ಕಾಲು ಯಾವ ಕಡೆಗೂ ಹೋಗಲಿಲ್ಲ. ಗಾಡಿ ಹಿಡಿದುಕೊಂಡಿತು, ಹಿಡಿದುಕೊಂಡಿತು, ಬಿಟ್ಟಿತು. ಕಂಬ ಹತ್ತಿರ ಬಂತು.

ಅವನ ಬಲಗಾಲು ಪ್ರಾಣವನ್ನೆಲ್ಲ ಒತ್ತಿ ತುಳಿಯಿತು. ತುಳಿದದ್ದು ಮ್ಯಾಟನ್ನು. ನಿಲ್ಲಲಿಲ್ಲ ಏಕೆ, ನಿಲ್ಲಲಿಲ್ಲ ಏಕೆ ಎಂದು ಇನ್ನೂ ಬಲವಾಗಿ ತುಳಿದ. ಎಷ್ಟು ಸಾವಿರ ಸಲ ಹಾಗೆ ತುಳಿದಿದ್ದನೋ, ಆಗೆಲ್ಲ ಇನ್ಯಾರೋ ಬ್ರೇಕ್ ಹಾಕಿ ಗಾಡಿ ನಿಂತಿತ್ತು. ಕಾಲು ಅದನ್ನು ತನ್ನದೇ ಪ್ರತಾಪ ಎಂದು ನಂಬಿಕೊಂಡಿತ್ತು. ಅಷ್ಟರಲ್ಲಿ ಕೈಗೆ ಬುದ್ಧಿ ಬಂತು. ನಡುವಿನ ಪಾರ್ಕಿಂಗ್ ಬ್ರೇಕಿನ ಗುಂಡಿಯನ್ನು ಎಳೆದು ಹಿಡಿದ. ಗಾಡಿ ಒಮ್ಮೆ ಕುಲುಕಿ, ಹಿಂದಿನ ಚಕ್ರಗಳು ಕಿರ್ರೆಂದು ನಿಂತವು. ಪರದೆ ಪೂರಾ ಕೆಂಪಾಗಿ ಕೂಗುತ್ತಿತ್ತು. ಅದರ ತುಂಬ ಅಕ್ಕನ ಸೀರೆಯ ನೆರಿಗೆ ಮಾತ್ರ ಕಾಣುತ್ತಿತ್ತು.

ಅವನು ಹೇಗೆ ಇಳಿದನೋ, ಹೇಗೆ ಹಿಂದಕ್ಕೆ ಓಡಿದನೋ. ಅಕ್ಕ ನಿಂತಲ್ಲಿಂದ ಕದಲಿರಲಿಲ್ಲ. ಗಾಡಿಗೂ ಅವಳಿಗೂ ಒಂದು ಗೇಣು ಉಳಿದಿತ್ತು. ದಿನಾ ಕಿಟಕಿಯಿಂದ ನೋಡಿದ್ದಳಲ್ಲ, ಈ ಗಾಡಿ ಜಾರುವುದಿಲ್ಲ ಎಂದು ಅವಳೂ ನಂಬಿದ್ದಳು. ಏನಾಗುವುದರಲ್ಲಿತ್ತು ಎನ್ನುವುದು ಅವಳಿಗೆ ಗೊತ್ತೇ ಆಗಿರಲಿಲ್ಲ. ಇವನು ತೊಟ್ಟಿಯ ಬಾಗಿಲಿಗೆ ಕೈ ಊರಿ ನಿಂತ. ಅವಳೇ ಮಾತಾಡಿದಳು.

"ದಿನಾ ಬಂದು ನಿಂತ್ಕೋತೀಯ, ಇಳಿಯೋಕೆ ಧೈರ್ಯ ಬರಲ್ಲ, ಹೋಗ್ತೀಯ. ಎಷ್ಟು ದಿನ ಅಂತ ನೋಡೋದು? ನಾನೇ ದೊಡ್ಡವಳಲ್ವಾ ಅಂತ ಬಂದೆ."

ಆಗ ಅವನಿಗೆ ಅರ್ಥವಾಯಿತು. ಇಷ್ಟು ವಾರಗಳಿಂದ ಆ ಕಿಟಕಿಯಲ್ಲಿ ಕೂತವರು ಬೈಯಲೆಂದು ಕಾಯುತ್ತಿರಲಿಲ್ಲ. ತಮ್ಮ ಬಂದಿದ್ದಾನೆ, ಇವತ್ತು ಇಳಿಯುತ್ತಾನೆ, ಇಲ್ಲ, ನಾಳೆ ಇಳಿಯುತ್ತಾನೆ ಎಂದು ಕಾಯುತ್ತಿದ್ದರು. ಅಷ್ಟರಲ್ಲಿ ನರ್ಸರಿಯವಳು ಇಳಿದು ಬಂದಳು. ಅವಳೂ ಹೆದರಿದ್ದಳು, ಹೆದರಿದವರು ಮಾತು ಜಾಸ್ತಿ ಆಡುತ್ತಾರೆ. ಏನೂ ಆಗಲಿಲ್ಲವಲ್ಲಮ್ಮ ಎಂದು ಅಕ್ಕನ ಕೈ ಹಿಡಿದುಕೊಂಡು, ತಪ್ಪು ತನ್ನದೇ ಎಂದು ಹೇಳಿ, ಸಮಾಧಾನವಾಗಲಿ ಎಂದು ಇನ್ನೂ ಒಂದು ಮಾತು ಸೇರಿಸಿದಳು.

"ಇದು ಶೋರೂಮಿನವರ ರೂಟು ಅಮ್ಮ. ಬಂದೋರಿಗೆಲ್ಲ ಇಲ್ಲೇ ನಿಲ್ಸಿ ತೋರಿಸ್ತಾರಂತೆ. ನೀವು ಸ್ವಲ್ಪ ನೋಡ್ಕೊಂಡು ಗೇಟ್ ತೆಗೀಬೇಕು."

ಅಕ್ಕ ಅವಳ ಕೈಯಿಂದ ತನ್ನ ಕೈ ಬಿಡಿಸಿಕೊಂಡಳು. ತಮ್ಮನ ಮುಖವನ್ನೇ ನೋಡಿದಳು. "ಹೌದೇನೋ?" ಎಂದಳು.

ಇಲ್ಲ ಅಕ್ಕ, ನಿನಗೋಸ್ಕರವೇ ಬರುತ್ತಿದ್ದೆ ಎನ್ನಬಹುದಿತ್ತು. ಒಂದು ಸುಳ್ಳಿಗೆ ಎಲ್ಲ ಸರಿಹೋಗುತ್ತಿತ್ತು. ದಿನವಿಡೀ ತುಂಬ ಆರಾಮ ಸರ್ ಎನ್ನುವ ಬಾಯಿಗೆ ಅದೇನು ದೊಡ್ಡ ಸುಳ್ಳಾಗಿರಲಿಲ್ಲ. ಆದರೆ ಅವನಿಗೆ ಸಾಕಾಗಿತ್ತು. ಅಕ್ಕನ ಎದುರಿಗೂ ಗಿರಾಕಿಯ ಎದುರು ನಿಂತ ಹಾಗೆ ನಿಲ್ಲಲು ಅವನಿಂದಾಗಲಿಲ್ಲ.

"ಹೌದು ಅಕ್ಕ. ಮ್ಯಾನೇಜರ್ ಹಾಕಿದ ದಾರಿ. ಬೇರೆ ದಾರಿ ಕೊಡಿ ಅಂತಾನೂ ಕೇಳಿದ್ದೆ."

ಅವಳ ಮುಖದಲ್ಲಿ ಇದ್ದದ್ದೆಲ್ಲ ಇಳಿದುಹೋಯಿತು. ನೋಡಲಾರದೆ ಅವನು ತಲೆ ತಗ್ಗಿಸಿದ. ಅವಳು ಕೂಗಾಡಲಿಲ್ಲ. ಬಹಳ ದಣಿದವರು ಮಾತಾಡುವ ಹಾಗೆ ಮೆಲ್ಲಗೆ ಮಾತಾಡಿದಳು. ಅವತ್ತು ಸಂಕಟದಲ್ಲಿ ಒಂದು ಮಾತು ಅಂದೆ, ಅನ್ನಬಾರದಿತ್ತು ಎಂದು ಮಾರನೆಯ ದಿನವೇ ಅನ್ನಿಸಿತು, ಆದರೆ ನೀನು ಬಂದರೆ ತಾನೇ ಹೇಳುವುದು ಎಂದಳು. ನಿನ್ನ ಭಾವ ಒಂದು ದಿನವೂ ನಿನ್ನನ್ನು ಬೈಯಲಿಲ್ಲ, ಒಂಟಿಕಾಲಿನಲ್ಲಿ ನಿಂತು ಮತ್ತೆ ಉಳಿ ಹಿಡಿದಾಗ ಮೊದಲು ಕೇಳಿದ್ದೇ ನಿನ್ನನ್ನು ಎಂದಳು. ಆಮೇಲೆ ಗೇಟಿಗೆ ಕೈ ಹಾಕಿ ನಿಂತುಕೊಂಡು ಹೇಳಿದಳು.

"ನನ್ನ ಮಾತು ನಿನಗೆ ಅನುಕೂಲವೇ ಆಯ್ತು ಬಿಡು. ಅವರ ಕಾಲು ನೋಡೋದು ತಪ್ಪಿತು. ಅಕ್ಕ ಬೇಡ ಅಂದಳು ಅಂತ ಒಂಬತ್ತು ವರ್ಷ ಹಾಯಾಗಿದ್ದೆ."

ಗೇಟು ಮುಚ್ಚಿಕೊಂಡಿತು. ಒಳಗಿನ ಬಾಗಿಲೂ ಮುಚ್ಚಿಕೊಂಡಿತು.

ಹಾಯಾಗಿದ್ದೆನೇ ಎಂದು ಅವನಿಗೆ ಮೊದಲು ಸಿಟ್ಟು ಬಂತು. ನಿದ್ದೆಗೆಟ್ಟದ್ದು, ಬೀದಿ ಬಿಟ್ಟು ಬೀದಿ ಸುತ್ತಿದ್ದು, ಇವಳಿಗೇನು ಗೊತ್ತು ಎಂದುಕೊಂಡ. ಏರು ಹತ್ತಿ ಆಚೆ ಇಳಿಯುವಷ್ಟರಲ್ಲಿ ಆ ಸಿಟ್ಟು ಉಳಿಯಲಿಲ್ಲ. ಅಕ್ಕ ಹೇಳಿದ್ದು ನಿಜವಾಗಿತ್ತು. ಅವಳ ಕೋಪವನ್ನು ಅವನು ಕೊಡೆಯ ಹಾಗೆ ಬಿಚ್ಚಿ ಹಿಡಿದುಕೊಂಡು ಅದರ ಕೆಳಗೆ ನಿಂತಿದ್ದ. ಅವಳು ಬಾ ಎಂದಿದ್ದರೆ ಹೋಗಬೇಕಾಗುತ್ತಿತ್ತು. ಹೋದರೆ ಆ ಕಾಲನ್ನು ನೋಡಬೇಕಾಗುತ್ತಿತ್ತು. ಪಕ್ಕದಲ್ಲಿ ನರ್ಸರಿಯವಳು, ನಾನು ಬಾಯಿ ಮುಚ್ಚಿಕೊಂಡು ಇರಬೇಕಿತ್ತು ಎಂದು ಪೇಚಾಡಿಕೊಂಡಳು. ಇಲ್ಲಮ್ಮ, ನೀವು ಹೇಳಿದ್ದು ಒಳ್ಳೆಯದಾಯಿತು ಎಂದ ಅವನು. ಉಳಿದ ದಾರಿಯಲ್ಲಿ ಗಾಡಿಯ ಒಂದು ವೈಶಿಷ್ಟ್ಯವನ್ನೂ ಹೇಳಲಿಲ್ಲ.

ಶೋರೂಮಿಗೆ ಬಂದು, ಗಾಡಿ ಜಾರಿತು, ಹಿಂದೆ ಜನ ಇದ್ದರು, ನಾಳೆಯಿಂದ ಆ ಏರಿಗೆ ನಾನು ಹೋಗುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದ. ಮ್ಯಾನೇಜರ್ ಗಾಬರಿಯಾಗಿ, ಯಾರಿಗೂ ಪೆಟ್ಟಾಗಲಿಲ್ಲವಲ್ಲ ಎಂದು ಎರಡೆರಡು ಸಲ ಕೇಳಿದ. ಹಾಗಾದರೆ ಗಾಡಿ ಏರಿನಲ್ಲಿ ಜಾರದೆ ನಿಲ್ಲುವುದನ್ನು ಹೇಗೆ ತೋರಿಸುವುದು ಎಂದೂ ಕೇಳಿದ. ಏನಾದರೂ ಮಾಡಿಕೊಳ್ಳಿ ಸರ್ ಎಂದ ಸೀಟಣ್ಣ. ಅಷ್ಟು ವರ್ಷದಲ್ಲಿ ಅವನು ಮ್ಯಾನೇಜರಿಗೆ ಹಾಗೆ ಎದುರು ಹೇಳಿದ್ದು ಅದೇ ಮೊದಲು. ಮ್ಯಾನೇಜರ್ ಅವನ ಮುಖ ನೋಡಿ, ಹೋಗು, ಇವತ್ತು ಬೇಗ ಮನೆಗೆ ಹೋಗು ಎಂದ.

ಅವನು ಮನೆಗೆ ಹೋಗಲಿಲ್ಲ. ಸಂಜೆಯ ಬಿಸಿಲಲ್ಲಿ ನೀರಿನ ಟ್ಯಾಂಕಿನವರೆಗೆ ನಡೆದು, ಏರಿನ ಬುಡದಲ್ಲಿ ನಿಂತ. ದಿನಕ್ಕೆ ನಾಲ್ಕು ಸಲ ಹತ್ತಿದ ಏರು, ಗಾಡಿಯಲ್ಲಿ ಕೂತವನಿಗೆ ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಮುಗಿಯುತ್ತಿತ್ತು. ಈಗ ಹತ್ತು ಹೆಜ್ಜೆಗೇ ಮಂಡಿ ಕಿರುಗುಟ್ಟಿತು. ಗೋಡೆ ಹಿಡಿದು ನಿಂತ, ಮತ್ತೆ ಹತ್ತಿದ. ಒಬ್ಬಳು ಒಣಗಿದ ಬಟ್ಟೆ ತೆಗೆಯುತ್ತ ಅವನನ್ನು ನೋಡಿದಳು. ಯಾರ ಮನೆಗೆ ಎಂದು ಒಬ್ಬ ಮುದುಕ ಕೇಳಿದ. ಅಕ್ಕನ ಮನೆಗೆ ಎಂದ ಅವನು. ಹೇಳಿದ ಮೇಲೆ ದಮ್ಮು ಕಟ್ಟಿ ಮತ್ತೆ ನಿಂತ. ವಾಪಸ್ಸು ಇಳಿದು ಹೋಗಿಬಿಡಲೇ ಎಂದು ಮನಸ್ಸು ಒಂದು ಸಲವಲ್ಲ, ಅಲ್ಲಿಂದ ಗೇಟಿನವರೆಗೂ ಕೇಳುತ್ತಲೇ ಇತ್ತು.

ಬಾಗಿಲು ತಟ್ಟಿದ. ಒಳಗೆ ಕುರ್ಚಿ ಸರಿದ ಸದ್ದು, ಆಮೇಲೆ ಊರುಗೋಲು ನೆಲಕ್ಕೆ ಬಡಿಯುವ ಸದ್ದು. ಅದು ನಿಧಾನವಾಗಿ ಹತ್ತಿರ ಬಂತು. ಬಾಗಿಲು ತೆರೆದವನು ಭಾವ. ಕೆನ್ನೆ ಒಳಗೆ ಹೋಗಿತ್ತು, ಗಡ್ಡದಲ್ಲಿ ಮರದ ಹೊಟ್ಟು ಸಿಕ್ಕಿಕೊಂಡಿತ್ತು. ಸೀಟಣ್ಣ ಭಾವನ ಮುಖ ನೋಡಿದ, ಗೋಡೆ ನೋಡಿದ, ಹೊಸ್ತಿಲು ನೋಡಿದ. ಆಮೇಲೆ ಹಲ್ಲು ಕಚ್ಚಿಕೊಂಡು ಕಣ್ಣನ್ನು ಅಲ್ಲಿಗೆ ತಂದ. ಪ್ಯಾಂಟಿನ ಎಡಗಾಲನ್ನು ಮಂಡಿಯ ಹತ್ತಿರ ಮಡಚಿ, ಬಿಗಿಯಾಗಿ ಹೊಲಿದಿದ್ದರು. ಅಕ್ಕನ ಕೈಯ ಹೊಲಿಗೆ. ಅದರ ಕೆಳಗೆ ಏನೂ ಇರಲಿಲ್ಲ. ಅವನು ನೋಡಿದ, ನೋಡುತ್ತಲೇ ನಿಂತ, ಕಣ್ಣಿನಿಂದ ನೀರು ಇಳಿದರೂ ಮುಖ ತಿರುಗಿಸಲಿಲ್ಲ. ಭಾವನೂ ಸರಿದು ನಿಲ್ಲಲಿಲ್ಲ, ನೋಡಲು ಬಿಟ್ಟ.

"ನೋಡಿದ್ದಾಯ್ತಾ?" ಎಂದ ಭಾವ ಕೊನೆಗೆ. "ಇಷ್ಟೇ ಕಣೋ. ಇಷ್ಟಕ್ಕೆ ನಮ್ಮನ್ನ ಬಿಟ್ಟೆಯಲ್ಲೋ."

ಅವನು ಹೊಸ್ತಿಲ ಮೇಲೆಯೇ ಕುಸಿದು ಕೂತು ಎರಡೂ ಕೈಗಳಲ್ಲಿ ಭಾವನ ಇದ್ದೊಂದು ಪಾದವನ್ನು ಹಿಡಿದುಕೊಂಡ. ಭಾವ ಊರುಗೋಲಿಗೆ ಭಾರ ಬಿಟ್ಟು ಇವನ ತಲೆಯ ಮೇಲೆ ಕೈ ಇಟ್ಟ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಯಾರು ಬಂದಿರೋದು?" ಎಂದಳು ಅಕ್ಕ ಒಳಗಿನಿಂದ. ಭಾವ, ನೀನೇ ಹೇಳು ಎಂಬಂತೆ ಇವನ ಭುಜ ತಟ್ಟಿದ.

"ನಾನು ಅಕ್ಕ" ಎಂದ ಅವನು. "ನಡ್ಕೊಂಡು ಬಂದೆ."

ಒಳಗೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದಾಯಿತು. ಆಮೇಲೆ ಅವಳು, ಹೊಸ್ತಿಲ ಮೇಲೆ ಕೂರಬೇಡ, ಅವರಿಗೆ ನಿಲ್ಲೋಕೆ ಕಷ್ಟ, ಕೈ ಹಿಡಿದು ಒಳಗೆ ಕರ್ಕೊಂಡು ಬಾ ಎಂದಳು. ಅವನು ಎದ್ದು ಭಾವನ ತೋಳಿಗೆ ಭುಜ ಕೊಟ್ಟ.